ಬಿಲ್ಲೆಯ ಬೆನ್ನು

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಕಟ್ಟಡದ ಅಜ್ಜಿಯೊಬ್ಬರು ಕಳೆದ ಆಗಸ್ಟಿನಲ್ಲಿ ನನಗೊಂದು ಕೆಲಸ ಒಪ್ಪಿಸಿದರು. ಒಂದೇ ಒಂದು ಸಾಲು ಬರೆದುಕೊಡಬೇಕು, ಅಷ್ಟೆ. ಸೆಪ್ಟೆಂಬರಿನಲ್ಲಿ ಇಲ್ಲಿನ ಕನ್ನಡಿಗರು ಸೇರಿ ತಮ್ಮ ತಮ್ಮ ಮನೆಯ ಹಳೆಯ ವಸ್ತುಗಳ ಸಣ್ಣ ಪ್ರದರ್ಶನವೊಂದನ್ನು ಇಡುವವರಿದ್ದರು. ಅಜ್ಜಿಯ ಮನೆಯಿಂದ ಒಂದು ಬಿಲ್ಲೆ ಹೋಗುವುದಿತ್ತು. ಹಿತ್ತಾಳೆಯದ್ದು, ಹಳೆಯ ಎಂಟಾಣೆಗಿಂತ ತುಸು ದೊಡ್ಡದು, ಮೇಲೆ ಗಂಡಭೇರುಂಡ. ಅದರ ಪಕ್ಕದಲ್ಲಿಡುವ ಚೀಟಿಗೆ ಒಂದು ಸಾಲು ಬೇಕಿತ್ತು.

"ನಮ್ ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ರು ಕಣಪ್ಪ. ಹೈಫಾದಲ್ಲಿ ಕುದುರೆ ಮೇಲೆ ಹೋದಾಗ ಇದು ಅವರ ಎದೆ ಮೇಲಿತ್ತು. ಹಾಗಂತ ಬರೀ."

ಹೈಫಾದ ಕತೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುವಂಥದ್ದೇ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳು ತುರ್ಕರ ಕೈಯಲ್ಲಿದ್ದ ಆ ಬಂದರು ಪಟ್ಟಣವನ್ನು ಹಿಡಿದವು. ಜೋಧಪುರದವರು ಊರಿನತ್ತ ನುಗ್ಗಿದರೆ ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಬಿದ್ದರು. ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದ ಸವಾರರು. ದಿಲ್ಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಹೈದರಾಬಾದ್ ಮತ್ತು ಜೋಧಪುರದವರು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾವನ್ನೂ ಸೇರಿಸಿದರು. ಬೆಂಗಳೂರಿನ ಜೆ. ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಪಕ್ಕದಲ್ಲೇ ಬಸ್ಸಿಗೆ ಕಾಯುವವರು ಅದನ್ನು ಎಷ್ಟು ಸಲ ಕತ್ತೆತ್ತಿ ನೋಡಿದ್ದಾರೋ!

ಅಜ್ಜಿ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಅದನ್ನು ಮಗುಚಿದೆ. ಮಗುಚಬಾರದಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಮಗುಚುವ ಈ ಚಟ ನನಗೆ ಅಂಟಿದ್ದು ಚೋರ್ ಬಜಾರಿನಲ್ಲಿ. ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ಪಾಳಿ ಕೆಲಸ, ರಜೆ ಶುಕ್ರವಾರ. ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು ಮಟನ್ ಸ್ಟ್ರೀಟಿನ ಕಡೆ ನಡೆದರೆ, ಅಂಗಡಿಗಳ ಬಾಗಿಲು ಮುಚ್ಚಿರುತ್ತಿತ್ತು, ಬೀದಿ ಮಾತ್ರ ಬೆಳಗಿನ ಜಾವದಿಂದಲೇ ತೆರೆದಿರುತ್ತಿತ್ತು. ಗೋಣಿತಟ್ಟಿನ ಮೇಲೆ ಗ್ರಾಮಫೋನಿನ ಕಹಳೆ, ಹಡಗಿನ ದೀಪ, ಒಂಟಿ ಬೂಟು, ಯಾರದ್ದೋ ಮದುವೆಯ ಫೋಟೋ. ಒಂದು ಡಬ್ಬಿಯಲ್ಲಿ ಸೈನ್ಯದ ಬಿಲ್ಲೆಗಳು. ಹುಲಿ, ಕಿರೀಟ, ಬಿಗುಲು, ಕತ್ತಿ ನೋಡುತ್ತಾ ಕೂತಿದ್ದ ನನಗೆ ಮುದುಕ ವ್ಯಾಪಾರಿಯೊಬ್ಬ ಹೇಳಿದ: "ಆಗೇ ಮತ್ ದೇಖೋ ಸೇಟ್, ಪೀಛೇ ದೇಖೋ." ನನ್ನನ್ನು ಸೇಟ್ ಎಂದು ಕರೆದ ಮೊದಲನೆಯವನು ಅವನೇ, ಆದ್ದರಿಂದ ನಂಬಿದೆ.

ಪದಕಗಳದ್ದು ಬೇರೆ ಮಾತು. ಬ್ರಿಟಿಷರು ಯುದ್ಧದ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟಣ ಕೊರೆಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ಸ್ವಂತ ಸೈನಿಕರ ಪದಕಗಳಿಗೆ ಹೆಸರು ಹಾಕುವುದನ್ನು ಬಿಟ್ಟರೂ ಭಾರತದ ಸಿಪಾಯಿಗಳ ಪದಕಗಳಿಗೆ ಹಾಕಿದರು. ಬಿಲ್ಲೆಗೆ ಆ ಭಾಗ್ಯವಿಲ್ಲ. ಪೇಟಕ್ಕೋ ಕಾಲರಿಗೋ ಭುಜಕ್ಕೋ ಸಿಕ್ಕಿಸುವ ಅದು ಸಾವಿರಗಟ್ಟಲೆ ಒತ್ತಿ ತೆಗೆದ ವಸ್ತು, ಹೆಸರಿಲ್ಲ, ಬಹುಮಟ್ಟಿಗೆ ಇಸವಿಯೂ ಇಲ್ಲ. ಮುಂಭಾಗದ ಕಿರೀಟದಿಂದ ಸ್ವಲ್ಪ ತಿಳಿಯುತ್ತದೆ: ವಿಕ್ಟೋರಿಯಾಳದ್ದು ಒಂದು ಆಕಾರ, 1901ರಿಂದ 1952ರವರೆಗಿನ ರಾಜರದ್ದು ಇನ್ನೊಂದು, ಅದರ ನಂತರದ ರಾಣಿಯದ್ದು ಮತ್ತೊಂದು. ನಮ್ಮಲ್ಲಿ 1950ರಲ್ಲಿ ಕಿರೀಟ ಇಳಿದು ಅಶೋಕನ ಸಿಂಹಗಳು ಬಂದವು. ಆದರೆ ನಕಲಿ ಮಾಡುವವನು ಮೊದಲು ಕಲಿಯುವುದೇ ಕಿರೀಟವನ್ನು. ಹಾಗಾಗಿ ಬೆನ್ನು ನೋಡಬೇಕು.

ಬೆನ್ನಿನಲ್ಲಿ ಏನಿರುತ್ತದೆ? ಹಳೆಯ ಪೇಟದ ಬಿಲ್ಲೆಗಳಿಗೆ ಎರಡು ತಂತಿಯ ಕಿವಿಗಳಿರುತ್ತವೆ. ಬಟ್ಟೆಯ ತೂತಿನೊಳಗೆ ಕಿವಿ ತೂರಿಸಿ, ಹಿಂದಿನಿಂದ ಸೀಳು ಪಿನ್ನೊಂದನ್ನು ಎರಡೂ ಕಿವಿಗಳಲ್ಲಿ ಹಾಯಿಸಿದರೆ ಬಿಲ್ಲೆ ಅಲುಗುವುದಿಲ್ಲ. ಇಪ್ಪತ್ತನೆಯ ಶತಮಾನ ಶುರುವಾಗುವ ಹೊತ್ತಿಗೆ ಕೆಲವಕ್ಕೆ ಕಿವಿಯ ಬದಲು ಉದ್ದನೆಯ ಪಟ್ಟಿ ಬಂತು. ಎದೆಗೆ ಚುಚ್ಚುವ ಬ್ರೋಚಿನಂಥವುಗಳಲ್ಲಿ ಸೂಜಿ, ಸೂಜಿ ತಿರುಗುವ ಕೀಲು, ಸೂಜಿಯ ತುದಿ ಕೂರುವ ಕೊಕ್ಕೆ, ಹೀಗೆ ಮೂರು ಅಂಗ. ಹತ್ತೊಂಬತ್ತನೆಯ ಶತಮಾನದ ಕೊಕ್ಕೆ ಎಂದರೆ ಬರೀ ಬಾಗಿಸಿದ ತಂತಿ, ಇಂಗ್ಲಿಷಿನ ಸಿ ಅಕ್ಷರದ ಹಾಗೆ. ಸೂಜಿ ಜಾರಿ ಬೀಳಬಾರದೆಂದು ಅದನ್ನು ಕೊಕ್ಕೆಯಿಂದಾಚೆಗೂ ಚಾಚುವಷ್ಟು ಉದ್ದ ಇಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಕ್ಕೆಯೊಳಗೆ ಉರುಳುವ ಪುಟ್ಟ ನಾಲಿಗೆ ಬಂತು. ತಿರುಗಿಸಿದರೆ ಬಾಯಿ ಮುಚ್ಚುತ್ತದೆ. 1930ರ ಹೊತ್ತಿಗೆ ಅದು ಎಲ್ಲೆಡೆ ಸಾಮಾನ್ಯ. ಇಂದು ನಮ್ಮ ಕಂಪನಿಯವರು ಕೊಡುವ ಕೋಟಿನ ಪಿನ್ನಿನ ಹಿಂದೆ ಎರಡು ರೆಕ್ಕೆ ಒತ್ತಿದರೆ ಬಿಡುವ ಹಿತ್ತಾಳೆ ಬಿರಟೆ ಇರುತ್ತದಲ್ಲ, ಅದು ಬಳಕೆಗೆ ಬಂದದ್ದು 1940ರ ದಶಕದ ಯುದ್ಧಕಾಲದಲ್ಲಿ. ಸೇಫ್ಟಿ ಪಿನ್ನು ಇವೆಲ್ಲಕ್ಕಿಂತ ಹಳೆಯದು. 1849ರಲ್ಲಿ ವಾಲ್ಟರ್ ಹಂಟ್ ಎಂಬ ಅಮೆರಿಕನ್ ಅದರ ಪೇಟೆಂಟ್ ಪಡೆದು, ಸಾಲ ತೀರಿಸಲು 400 ಡಾಲರಿಗೆ ಮಾರಿಬಿಟ್ಟ. ನಮ್ಮ ಅಮ್ಮಂದಿರ ಬಳೆಗಳಲ್ಲಿ ನೇತಾಡುತ್ತಿದ್ದ ಗೊಂಚಲುಗಳನ್ನು ಆತ ಊಹಿಸಿರಲಾರ.

ಈ ಲೆಕ್ಕಾಚಾರದಲ್ಲಿ ಒಂದು ತೊಡಕಿದೆ. ಉರುಳುವ ಕೊಂಡಿ 1870ರ ಬಿಲ್ಲೆಯ ಮೇಲೆ ಹುಟ್ಟಿನಿಂದ ಇರಲು ಸಾಧ್ಯವಿಲ್ಲ, ಏಕೆಂದರೆ ಆಗ ಅದೇ ಇರಲಿಲ್ಲ. ಆದರೆ ಬಾಗಿಸಿದ ತಂತಿಯ ಕೊಕ್ಕೆ ನಿನ್ನೆಯ ಬಿಲ್ಲೆಯ ಮೇಲೂ ಇರಬಹುದು, ತಂತಿ ಬಾಗಿಸುವುದು ಯಾವ ಕಾಲದಲ್ಲೂ ಕಷ್ಟವಲ್ಲ. ಅಂದರೆ ಕೊಂಡಿ 'ಇದು ಅಷ್ಟು ಹಳೆಯದಲ್ಲ' ಎಂದು ಹೇಳಬಲ್ಲದೇ ಹೊರತು 'ಇದು ಹಳೆಯದು' ಎಂದು ಎಂದೂ ಹೇಳಲಾರದು. ಇದರ ಮೇಲೆ ಇನ್ನೊಂದು. ನಿಜವಾಗಿ ತೊಟ್ಟ ಬಿಲ್ಲೆಯ ಪಿನ್ನು ಮುರಿಯುತ್ತದೆ, ಅದಕ್ಕೆ ಹೊಸದು ಬೆಸೆಯುತ್ತಾರೆ. ಡಬ್ಬಿಯಲ್ಲೇ ಕೂತ ಬಿಲ್ಲೆಗೆ ಏನೂ ಆಗುವುದಿಲ್ಲ. ನಕಲಿ ಬಿಲ್ಲೆಗೆ ಜೋಪಾನವಾಗಿ ಹಳೆಯ ನಮೂನೆಯ ಕೊಕ್ಕೆ ಹಾಕುತ್ತಾರೆ. ಪ್ರಾಮಾಣಿಕವಾಗಿ ಬದುಕಿದ್ದರ ಬೆನ್ನು ಅನುಮಾನ ಹುಟ್ಟಿಸುತ್ತದೆ, ಮೋಸದ್ದರ ಬೆನ್ನು ಒಪ್ಪವಾಗಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಮ್ಮೆ 400 ರೂಪಾಯಿಗೆ ವಿಕ್ಟೋರಿಯಾ ಕಿರೀಟದ ಬಿಲ್ಲೆಯೊಂದನ್ನು ತಂದಿದ್ದೆ. ಬೆನ್ನಲ್ಲಿ ಸೊಗಸಾದ ಸಿ ಕೊಕ್ಕೆ, ಉದ್ದನೆಯ ಸೂಜಿ. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈ ತುಂಬ ರವೆಯಂಥ ಗುಳಿಗಳು. ಅಚ್ಚೊತ್ತಿದ ಬಿಲ್ಲೆಯ ಗೆರೆ ಚೂಪಾಗಿರುತ್ತದೆ, ಎರಕ ಹೊಯ್ದದ್ದರ ಗೆರೆ ಮೊಂಡು. ಅಸಲಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗಿ ನಕಲು ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ. ನನ್ನದು ಎರಕದ್ದು. ಆರು ತಿಂಗಳು ಅದು ಮೇಜಿನ ಡ್ರಾಯರಿನಲ್ಲಿತ್ತು. ಆಮೇಲೆ ಹೊಸದಾಗಿ ಸಂಗ್ರಹ ಶುರುಮಾಡಿದ್ದ ಹುಡುಗನೊಬ್ಬ ನೋಡಲು ಬಂದ. ಬಿಲ್ಲೆ ಮಗುಚಿದ, ಕೊಕ್ಕೆ ನೋಡಿದ, ಕಣ್ಣರಳಿಸಿದ. "ಇದು ಹಳೇ ಕೊಕ್ಕೆ ಅಲ್ವಾ ಸರ್?" ಎಂದ. "ಹೌದು, ಆ ಕಾಲದ ನಮೂನೆ" ಎಂದೆ. 1,800 ಕೊಟ್ಟು ಒಯ್ದ.

ನಾನು ಸುಳ್ಳು ಹೇಳಿರಲಿಲ್ಲ. ನಮೂನೆ ಆ ಕಾಲದ್ದೇ. ಅವನು ಕೇಳಿದ್ದಕ್ಕೆ ಉತ್ತರಿಸಿದ್ದೆ, ಬೆನ್ನನ್ನು ಮುಚ್ಚಿಡಲಿಲ್ಲ. ರಾತ್ರಿ ಲೋಕಲಿನಲ್ಲಿ ಬಾಗಿಲ ಬಳಿ ನಿಂತು ಈ ವಾದವನ್ನು ನನಗೆ ನಾನೇ ಎಷ್ಟು ಬಾರಿ ಒಪ್ಪಿಸಿದ್ದೇನೋ. ಒಬ್ಬನ ಅರ್ಧ ತಿಳುವಳಿಕೆಯನ್ನು ನೋಡಿಕೊಂಡು ಸುಮ್ಮನಿರುವುದು ಸುಳ್ಳಿಗಿಂತ ಕಡಿಮೆ ತಪ್ಪೇ? ಸುಳ್ಳು ಹೇಳಿದ್ದರೆ ಅವನು ನನ್ನ ಮಾತನ್ನು ನಂಬಿರುತ್ತಿದ್ದ. ಸುಮ್ಮನಿದ್ದದ್ದರಿಂದ ಅವನು ತನ್ನ ಕಣ್ಣನ್ನೇ ನಂಬಿ ಮೋಸಹೋದ. ಮುಂದಿನ ಸಲವೂ ಆ ಕಣ್ಣನ್ನೇ ನಂಬುತ್ತಾನೆ. ನನಗೆ ಎರಡನೆಯದೇ ಹೆಚ್ಚು ಕೆಟ್ಟದ್ದಾಗಿ ಕಾಣುತ್ತದೆ. ಅವನ ನಂಬರು ಫೋನಿನಲ್ಲಿದೆ. ಇನ್ನೂ ಕರೆ ಮಾಡಿಲ್ಲ.

ನಮ್ಮ ಶಾಸನಗಳ ಲೋಕದಲ್ಲೂ ಇದೇ ಜಗಳ ನಡೆದಿದೆ. ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಅದು ಸುಮಾರು ಕ್ರಿ.ಶ. 450ರದ್ದು ಎಂದು ನಾವು ಮಕ್ಕಳಿಗೆ ಹೇಳುವುದು ಮುಖ್ಯವಾಗಿ ಅಕ್ಷರಗಳ ಆಕಾರ ನೋಡಿ. ಅಕ್ಷರದ ತಲೆಕಟ್ಟೂ ಒಂಥರಾ ಕೊಂಡಿಯೇ: ಬರೆದವನು ಅದರಿಂದ ಏನನ್ನೂ ಹೇಳಲು ಹೊರಟಿರಲಿಲ್ಲ, ಕೈಗೆ ರೂಢಿಯಾದಂತೆ ಕೊರೆದ. ಮುಂಬಯಿ ಸಿವಿಲ್ ಸರ್ವಿಸಿನಲ್ಲಿದ್ದ ಜೆ. ಎಫ್. ಫ್ಲೀಟ್ ಈ ಸೂಕ್ಷ್ಮ ಬಲ್ಲವನು. ಇದೇ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದವನೂ ಅವನೇ. ಗಂಗರ ಅನೇಕ ತಾಮ್ರಪಟಗಳನ್ನು ಅವನು ಖೋಟಾ ಎಂದ. ಪಟದಲ್ಲಿ ಹೇಳಿರುವ ಕಾಲ ಒಂದು, ಅಕ್ಷರಗಳು ತೋರುವ ಕಾಲ ಇನ್ನೊಂದು. ಮೈಸೂರಿನ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವುಗಳ ಪರ ನಿಂತ. ಯಾರು ಗೆದ್ದರೆಂಬುದು ಇಲ್ಲಿ ಮುಖ್ಯವಲ್ಲ. ನನ್ನನ್ನು ಕಾಡುವುದು ಇಬ್ಬರ ನಡುವೆ ಸಿಕ್ಕಿಕೊಂಡಿರಬಹುದಾದ ಒಬ್ಬ ಬಡಪಾಯಿ: ಅಜ್ಜನ ಕಾಲದ ತಾಮ್ರಪಟ ಬೆಂಕಿಯಲ್ಲಿ ಹಾಳಾಯಿತೆಂದು ಅದರ ಒಕ್ಕಣೆಯನ್ನೇ ಹೊಸ ತಗಡಿನ ಮೇಲೆ, ತನ್ನ ಕಾಲದ ಅಕ್ಷರದಲ್ಲಿ, ಪ್ರಾಮಾಣಿಕವಾಗಿ ಕೊರೆಸಿಕೊಂಡವನು. ಅಕ್ಷರ ನೋಡುವವನ ಕಣ್ಣಿಗೆ ಅವನೂ ಭೂಗಳ್ಳನೂ ಒಂದೇ.

ಮತ್ತೆ ಅಜ್ಜಿಯ ಬಿಲ್ಲೆಗೆ ಬರೋಣ. ಬೆನ್ನಲ್ಲಿ ಉರುಳುವ ಕೊಂಡಿ ಇತ್ತು. ಸೂಜಿ ಗಿಡ್ಡ, ಕೀಲು ಒಪ್ಪವಾದದ್ದು. 1930ಕ್ಕೆ ಹಿಂದಿನದೆಂದು ನನಗೆ ತೋರಲಿಲ್ಲ. ಹೈಫಾದಲ್ಲಿ ತಾತನ ಎದೆಯ ಮೇಲೆ ಈ ಪಿನ್ನಿನಿಂದ ಇದು ನಿಂತಿರಲಿಲ್ಲ. ಅಜ್ಜಿಯ ಎದುರು ಏನೂ ಹೇಳದೆ, "ನೋಡಿ ಬರೀತೀನಿ ಅಜ್ಜಿ" ಎಂದು ಮನೆಗೆ ತಂದೆ. ಬೆನ್ನನ್ನು ಮತ್ತೆ ನೋಡಿದಾಗ ಕೊಂಡಿಯ ಸುತ್ತ ಬೂದುಬಣ್ಣದ ಸೀಸದ ಬೆಸುಗೆ ಕಂಡಿತು, ಯಾವುದೋ ಓಣಿಯ ಅಕ್ಕಸಾಲಿ ಮಾಡಿದ ಕೆಲಸ. ಅದರಾಚೆ, ಎಡಕ್ಕೂ ಬಲಕ್ಕೂ, ಅರದಿಂದ ಉಜ್ಜಿದ ಎರಡು ಗುರುತು. ಒಂದರಲ್ಲಿ ತಂತಿಯ ಮೋಟು ಇನ್ನೂ ಇತ್ತು. ಅಲ್ಲಿ ಹಿಂದೆ ಕಿವಿಗಳಿದ್ದವು. ಪೇಟದ್ದೋ ಕಾಲರಿನದ್ದೋ ಬಿಲ್ಲೆಯನ್ನು ಯಾರೋ ಕಿವಿ ಕತ್ತರಿಸಿ ಬ್ರೋಚು ಮಾಡಿದ್ದರು. (ಕಾಲರಿನ ಬಿಲ್ಲೆಯಾಗಿದ್ದರೆ ಅದು ಎಡದ್ದೋ ಬಲದ್ದೋ ಎಂದು ಮೃಗ ನೋಡುವ ದಿಕ್ಕಿನಿಂದ ಹೇಳುವುದುಂಟು. ಗಂಡಭೇರುಂಡ ಎರಡೂ ಕಡೆ ನೋಡುತ್ತದೆ, ಏನೂ ಉಪಯೋಗವಿಲ್ಲ.)

ಅಜ್ಜಿಯ ಮೊಮ್ಮಗ ಥಾಣೆಯಲ್ಲಿ ಐಟಿ ಕೆಲಸದಲ್ಲಿದ್ದಾನೆ. ಅವನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಸುಲಭ ಅಂಕಲ್" ಎಂದ. "ಆ ಪಿನ್ನು ತೆಗೆಸಿ ಹಳೇ ಥರ ಕಿವಿ ಹಾಕಿಸಿಬಿಡೋಣ. ಒರಿಜಿನಲ್ ಹಾಗೇ ಆಗುತ್ತೆ." ಮಾರುವ ಉದ್ದೇಶ ಅವನಿಗಿರಲಿಲ್ಲ. ವಸ್ತು ಅದರ ಮೊದಲ ರೂಪಕ್ಕೆ ಮರಳಲಿ ಎಂಬ ಒಳ್ಳೆಯ ಆಸೆ. ಸಂಗ್ರಾಹಕರಲ್ಲೂ ಇದು ಇದೆ. ಕಿವಿಯಿರುವ ಬಿಲ್ಲೆಗೆ ಬೆಲೆ, ಬ್ರೋಚಾದದ್ದು 'ಹಾಳಾದ ಮಾಲು'. ಒಂದು ಕ್ಷಣ ನನಗೂ ಅವನ ಮಾತು ಸರಿ ಎನ್ನಿಸಿತು.

ಅದಕ್ಕೆ ಮೊದಲು ಒಂದು ಮಾತು ಕೇಳೋಣವೆಂದು ಅಜ್ಜಿಯ ಬಳಿ ಹೋದೆ. ತಾತನ ವಿಷಯ ಎತ್ತಲಿಲ್ಲ. "ಅಜ್ಜಿ, ಈ ಪಿನ್ನು ಹಾಕಿಸಿದ್ದು ಯಾರು?" ಎಂದೆ ಅಷ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಮ್ಮ" ಎಂದರು. ಅಮ್ಮ ಮದುವೆಯಾಗಿ ಪರೇಲಿನ ಚಾಳಿಗೆ ಬಂದವರು, ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ. ತಾತ ತೀರಿಕೊಂಡ ಮೇಲೆ ಕತ್ತಿ, ಪದಕ, ಜಮೀನು ಎಲ್ಲ ಸೋದರಮಾವಂದಿರ ಪಾಲಾಯಿತು. "ಇದರ ಕಿವಿ ಒಂದು ಮುರಿದುಹೋಗಿತ್ತಂತೆ. ಅದಕ್ಕೇ ಹೆಣ್ಮಗಳಿಗೆ ಕೊಟ್ರು." ಅಮ್ಮ ಅದನ್ನು ಲಾಲ್‌ಬಾಗಿನ ಅಕ್ಕಸಾಲಿಗೆ ಕೊಟ್ಟು, ಸೀರೆಯ ಸೆರಗಿಗೆ ಚುಚ್ಚುವ ಹಾಗೆ ಮಾಡಿಸಿಕೊಂಡರು. ಮಾಟುಂಗಕ್ಕೆ ನಾಟಕಕ್ಕೋ ಕತೆಗೋ ಹೋಗುವಾಗ ಭುಜದ ಮೇಲೆ ಅದೇ ಇರುತ್ತಿತ್ತು. ಲೋಕಲಿನ ನೂಕುನುಗ್ಗಲಲ್ಲಿ ಬಿದ್ದೀತೆಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ. "ಇದೆಲ್ಲ ಮರೆತೇಹೋಗಿತ್ತು ನೋಡು. ಎಲ್ರೂ ತಾತನ್ನೇ ಕೇಳ್ತಾರೆ."

ಆ ಪಿನ್ನನ್ನು ತೆಗೆಸಿ ಕಿವಿ ಹಾಕಿಸಿದ್ದರೆ ಬಿಲ್ಲೆ ಮತ್ತೆ ಗಂಡಸರ ಪಾಲಾಗುತ್ತಿತ್ತು. ಆದರೆ ಇಲ್ಲಿಗೆ ನನ್ನ ಸಮಸ್ಯೆ ಮುಗಿಯಲಿಲ್ಲ. ಕಿವಿಯ ಗುರುತಿನಿಂದ ತಿಳಿಯುವುದು ಇದು ಹಿಂದೊಮ್ಮೆ ಸಮವಸ್ತ್ರದ ಬಿಲ್ಲೆಯಾಗಿತ್ತು ಎಂದಷ್ಟೆ. ಹೈಫಾಕ್ಕೆ ಹೋಗಿತ್ತು ಎಂದಲ್ಲ. ಗಂಡಭೇರುಂಡ ಲ್ಯಾನ್ಸರುಗಳ ಸ್ವಂತ ಆಸ್ತಿಯೇನಲ್ಲ, ಇಡೀ ಮೈಸೂರು ಸಂಸ್ಥಾನದ ಲಾಂಛನ. ಇಂದಿಗೂ ರಾಜ್ಯದ ಲಾಂಛನದಲ್ಲಿದೆ, ಮುಂಬಯಿಗೆ ಬರುವ ಸಾರಿಗೆ ಬಸ್ಸಿನ ಮೇಲೂ ಇದೆ. ಇದು ತಾತನ ಬೇರೆ ವರ್ಷದ ಬಿಲ್ಲೆಯಾಗಿರಬಹುದು, ತಾತನದ್ದೇ ಅಲ್ಲದಿರಬಹುದು. ಅಜ್ಜಿಗೆ ಇದನ್ನು ಹೇಳಬೇಕೇ?

ಹೇಳಬೇಕಿಲ್ಲ ಎನ್ನುವವರ ವಾದ ನನಗೆ ಗೊತ್ತು, ಮೊದಲ ವಾರ ನಾನೇ ಮಾಡಿಕೊಂಡಿದ್ದೆ: ಎಂಬತ್ತು ದಾಟಿದ ಜೀವ, ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಈ 'ಯಾರಿಗೂ ನಷ್ಟವಿಲ್ಲ' ಎಂಬ ಮಾತನ್ನೇ ನಾನು 1,800 ರೂಪಾಯಿ ಎಣಿಸಿಕೊಳ್ಳುವಾಗಲೂ ಹೇಳಿಕೊಂಡಿದ್ದೆ. ಇನ್ನೊಂದು ವಿಷಯವೂ ಇದೆ. ಎದೆಗೆ ಚುಚ್ಚಿಕೊಂಡು ಕುದುರೆ ಓಡಿಸಿದ ತಾತನ ಚಿತ್ರ ಎಷ್ಟು ದೊಡ್ಡದಾಗಿ ಬೆಳೆದಿತ್ತೆಂದರೆ, ಅಜ್ಜಿ ತಾವೇ ಕಣ್ಣಾರೆ ಕಂಡ ಅಮ್ಮನ ಸೆರಗನ್ನು ಮರೆತಿದ್ದರು. ನಷ್ಟ ಆಗಲೇ ಆಗಿಹೋಗಿತ್ತು.

ಹೇಳಿದೆ. ಪಿನ್ನು ತೋರಿಸಿ, ಮೋಟು ತಂತಿಯನ್ನು ಅವರ ಬೆರಳಿಗೆ ತಾಗಿಸಿ, ಕನ್ನಡದಲ್ಲಿ ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ. ತಾತ ಹೈಫಾಕ್ಕೆ ಹೋಗಿದ್ದರೆಂಬುದನ್ನು ನಾನು ಅನುಮಾನಿಸುತ್ತಿಲ್ಲ, ಈ ಬಿಲ್ಲೆ ಹೋಗಿತ್ತೋ ಇಲ್ಲವೋ ಇದರ ಬೆನ್ನಿನಿಂದ ತಿಳಿಯುವುದಿಲ್ಲ ಎಂದೆ. ಅಜ್ಜಿ ನನ್ನ ಮುಖ ನೋಡಿದರು. "ನಿಂಗೆ ಇದನ್ನು ಹೇಳೋಕೆ ಹದಿನೈದು ದಿನ ಬೇಕಾಯ್ತಾ?" ಎಂದು ಕೇಳಿ ಒಳಗೆ ಹೋಗಿ ಕಾಫಿ ತಂದರು. ಬೇಸರವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಿದ್ದರು.

ಚೀಟಿಯಲ್ಲಿ ಹೀಗೆ ಬರೆದೆ: 'ಮೈಸೂರು ಸಂಸ್ಥಾನದ ಬಿಲ್ಲೆ. ತಂದೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು. ಕಿವಿ ಮುರಿದ ಮೇಲೆ ಮಗಳು ಮುಂಬಯಿಯಲ್ಲಿ ಪಿನ್ನು ಹಾಕಿಸಿ ಸೀರೆಗೆ ತೊಟ್ಟರು.' ಪ್ರದರ್ಶನದ ದಿನ ಹೋಗಿ ನೋಡಿದರೆ ಮೊಮ್ಮಗ ಅದರ ಮೇಲೆ ದಪ್ಪಕ್ಷರದಲ್ಲಿ 'ಹೈಫಾ, 1918' ಎಂದು ಸೇರಿಸಿದ್ದ. ಜನ ದಪ್ಪಕ್ಷರ ಓದಿ, ಫೋಟೋ ತೆಗೆದುಕೊಂಡು ಮುಂದಿನ ಮೇಜಿಗೆ ಹೋಗುತ್ತಿದ್ದರು. ನಾನು ಅಲ್ಲಿ ಏನೂ ಹೇಳಲಿಲ್ಲ, ಸಮಾರಂಭ ನಡೆಯುತ್ತಿತ್ತು. ಇದೂ ಆ ಹುಡುಗನ ಎದುರಿನ ಮೌನದಂಥದ್ದೇ ಅಲ್ಲವೇ ಎಂದರೆ ಹೌದು. ಬಿಲ್ಲೆಯನ್ನು ಬೋರಲಾಗಿ ಇಟ್ಟು ಕೆಳಗೊಂದು ಕನ್ನಡಿ ಇಡಿ ಎಂದು ಮೊದಲೇ ಸೂಚಿಸಿದ್ದೆ, ಯಾರಿಗೂ ಹಿಡಿಸಿರಲಿಲ್ಲ.

ಹೋದ ವಾರ ಅಜ್ಜಿ ಮತ್ತೆ ಕರೆದರು. ಬಿಲ್ಲೆಯ ಕೊಂಡಿಯ ನಾಲಿಗೆ ಸಡಿಲವಾಗಿದೆ, ತಿರುಗಿಸಿದರೆ ನಿಲ್ಲುವುದಿಲ್ಲ. ಮುಂದಿನ ತಿಂಗಳು ಮೊಮ್ಮಗಳ ನಿಶ್ಚಿತಾರ್ಥ, ಅದಕ್ಕೆ ತೊಡಬೇಕು. ನಾನು ಅದನ್ನು ಸ್ಟೇಷನ್ ಬಳಿಯ ಅಕ್ಕಸಾಲಿಯ ಹತ್ತಿರ ಒಯ್ದೆ. ಅವನು ನೋಡಿ, ಹಳೆಯದನ್ನು ಬಿಗಿ ಮಾಡಲು ಆಗುವುದಿಲ್ಲ, ಕಿತ್ತು ಹೊಸದು ಹಾಕುತ್ತೇನೆ, ನೂರೈವತ್ತು ರೂಪಾಯಿ ಎಂದ. ಇದು ಅವರ ಅಮ್ಮ ಹಾಕಿಸಿದ್ದು, ಕೀಳಬೇಡ, ಏನಾದರೂ ಮಾಡು ಎಂದು ಅರ್ಧ ಗಂಟೆ ವಾದಿಸಿದೆ. ಕೊನೆಗೆ ಅಜ್ಜಿಗೇ ಫೋನ್ ಹಚ್ಚಿದೆ.

"ಹೊಸದೇ ಹಾಕ್ಸು" ಎಂದರು ಅಜ್ಜಿ. "ಗಟ್ಟಿಯಾಗಿರೋದು ನೋಡಿ ಹಾಕ್ಸು. ಹಳೇದನ್ನ ಎಸೀಬೇಡ, ಒಂದು ಪೊಟ್ಟಣದಲ್ಲಿ ಕಟ್ಕೊಂಡು ಬಾ."